ಜೇಡನ ಕಾಲುಗಳು

ಕೇಳುಗರಿಗೆ ನಮಸ್ಕಾರ.

ಅರ್ಜೆಂಟೀನಾದ ಕೊರ್ದೊಬಾ ಪ್ರಾಂತ್ಯದಲ್ಲಿ ಕಾಲ್ಚಿನ್ ಎಂಬ ಪುಟ್ಟ ಊರಿದೆ. ಸುತ್ತಲೂ ಹೊಲಗಳು, ನಡುವೆ ಮೂರು ಸಾವಿರದಷ್ಟು ಜನ. 2000ದ ಜನವರಿ 31ರಂದು ಆ ಊರಿನ ಒಂದು ಮನೆಯಲ್ಲಿ ಮೂರನೆಯ ಗಂಡುಮಗು ಹುಟ್ಟಿತು. ಅವನು ಆಡುವಷ್ಟು ದೊಡ್ಡವನಾದ ಮೇಲೆ ಅವನ ಕಾಲಿನಿಂದ ಚೆಂಡು ಕಿತ್ತುಕೊಳ್ಳಲು ಯಾರಿಂದಲೂ ಆಗುತ್ತಿರಲಿಲ್ಲ. ಇವನಿಗೆ ಇರುವುದು ಎರಡೇ ಕಾಲಲ್ಲ ಎಂದು ಅಣ್ಣ ಅವನನ್ನು 'ಜೇಡ' ಎಂದು ಕರೆದ. ಫುಟ್‌ಬಾಲ್ ಆಟಗಾರ ಜೂಲಿಯನ್ ಅಲ್ವಾರೆಜ್ ಅವರನ್ನು ಅರ್ಜೆಂಟೀನಾ ಇಂದಿಗೂ ಕರೆಯುವುದು ಆ ಹೆಸರಿನಿಂದಲೇ.

ಹನ್ನೊಂದರ ವಯಸ್ಸಿನಲ್ಲಿ ಅವನು ಸ್ಪೇನಿಗೆ ಹೋಗಿ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಮಕ್ಕಳ ತಂಡದ ಜೊತೆ ಆಡಿ ಬಂದ. ಆಟ ಅವರಿಗೆ ಹಿಡಿಸಿತು. ಆದರೆ ಅಷ್ಟು ಎಳೆಯ ವಿದೇಶಿ ಹುಡುಗನನ್ನು ಸೇರಿಸಿಕೊಳ್ಳಲು ನಿಯಮ ಅಡ್ಡಿಯಾಯಿತು. ಹುಡುಗ ಊರಿಗೆ ಮರಳಿ, ಊರಿನ ಕ್ಲಬ್ಬಿನಲ್ಲೇ ಆಡುತ್ತಾ ಬೆಳೆದ. ರಾಜಧಾನಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಕ್ಲಬ್ಬನ್ನು ಸೇರಿದ್ದು 2016ರಲ್ಲಿ. ಆ ತಡ ಒಳ್ಳೆಯದೇ ಆಯಿತೆಂದು ನನ್ನ ಅನಿಸಿಕೆ. ಮನೆಯವರ ನಡುವೆ ಬೆಳೆಯುವ ಆ ಐದು ವರ್ಷಗಳನ್ನು ಯಾವ ಅಕಾಡೆಮಿಯೂ ಕೊಡಲಾರದು.

2018ರ ಅಕ್ಟೋಬರಿನಲ್ಲಿ ತರಬೇತುದಾರ ಮಾರ್ಸೆಲೊ ಗಯಾರ್ದೊ ಜೂಲಿಯನ್‌ರನ್ನು ಮೊದಲ ತಂಡದಲ್ಲಿ ಕಣಕ್ಕಿಳಿಸಿದರು. ಆರೇ ವಾರ ಕಳೆದಿತ್ತು, ಬದ್ಧವೈರಿ ಬೋಕಾ ಜೂನಿಯರ್ಸ್ ವಿರುದ್ಧ ದಕ್ಷಿಣ ಅಮೆರಿಕದ ಕ್ಲಬ್ಬುಗಳ ದೊಡ್ಡ ಟೂರ್ನಿ ಕೋಪಾ ಲಿಬರ್ತದೋರೆಸ್‌ನ ಫೈನಲ್ ಬಂತು. ಗಲಭೆಯ ಕಾರಣ ಆ ಪಂದ್ಯ ನಡೆದದ್ದು ಸಾಗರದಾಚೆ, ಮ್ಯಾಡ್ರಿಡ್‌ನಲ್ಲಿ. ಅದೂ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನದೇ ಅಂಗಳದಲ್ಲಿ! ಬದಲಿ ಆಟಗಾರನಾಗಿ ಇಳಿದ ಹದಿನೆಂಟರ ಜೂಲಿಯನ್ ಗೆದ್ದ ತಂಡದಲ್ಲಿದ್ದರು. 2022ರ ಮೇ ತಿಂಗಳಲ್ಲಿ ಪೆರುವಿನ ಅಲಿಯಾಂಜಾ ಲಿಮಾ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಗೋಲು ಹೊಡೆದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಕಡೆ ಹೊರಟರು.

ಆ ವರ್ಷದ ಕೊನೆಗೆ ಕತಾರ್ ವಿಶ್ವಕಪ್. ಅಲ್ಲಿ ಅವರು ಹೊಡೆದದ್ದು ನಾಲ್ಕು ಗೋಲು. ಕ್ರೊಯೇಷ್ಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ತಮ್ಮದೇ ಅರ್ಧದಿಂದ ಓಡುತ್ತಾ, ಎದುರಾಳಿಗಳ ಕಾಲಿಗೆ ಬಡಿದು ಮತ್ತೆ ಮತ್ತೆ ತಮಗೇ ದಕ್ಕಿದ ಚೆಂಡನ್ನು ಬಲೆಗೆ ಸೇರಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ನಾನು ಹೆಚ್ಚು ಮೆಚ್ಚುವುದು ಆಸ್ಟ್ರೇಲಿಯಾ ವಿರುದ್ಧದ ಗೋಲನ್ನು. ಸಹ ಆಟಗಾರ ದೆ ಪಾಲ್ ಅಟ್ಟಿಸಿಕೊಂಡು ಹೋದಾಗ ಎದುರಾಳಿ ಗೋಲ್‌ಕೀಪರ್ ಒಂದು ಕ್ಷಣ ತಡವರಿಸಿದ. ಅಷ್ಟರಲ್ಲಿ ಜೂಲಿಯನ್ ಅವನ ಕಾಲಬುಡದಿಂದಲೇ ಚೆಂಡನ್ನು ಎಗರಿಸಿದ್ದರು. ಬಹಳಷ್ಟು ಮುಂಚೂಣಿ ಆಟಗಾರರು ಚೆಂಡು ಬರಲೆಂದು ಕಾಯುತ್ತಾರೆ; ಇವರು ಚೆಂಡಿರುವಲ್ಲಿಗೇ ಓಡುತ್ತಾರೆ. ಬಾಲ್ಯದಲ್ಲಿ ಯಾರ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದರೋ ಆ ಮೆಸ್ಸಿಯ ಜೊತೆಗೇ ಅವರು ವಿಶ್ವಕಪ್ ಎತ್ತಿದರು.

ಮ್ಯಾಂಚೆಸ್ಟರ್‌ನಲ್ಲಿ ಪ್ರಶಸ್ತಿಗಳಿಗೆ ಬರವಿರಲಿಲ್ಲ. ಆದರೆ ಮುಂಚೂಣಿ ಆಟಗಾರ ಎರ್ಲಿಂಗ್ ಹಾಲಂಡ್ ಇರುವ ತಂಡದಲ್ಲಿ ದೊಡ್ಡ ಪಂದ್ಯಗಳಿಗೆ ಬೆಂಚೇ ಗತಿ. 2024ರ ಆಗಸ್ಟಿನಲ್ಲಿ ಅವರು ಮ್ಯಾಡ್ರಿಡ್‌ನ ಇನ್ನೊಂದು ಕ್ಲಬ್ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿದರು. ಬಾಲ್ಯದಲ್ಲಿ ಬರಿಗೈಯಲ್ಲಿ ಬಿಟ್ಟುಬಂದ ಊರು ಮತ್ತೆ ಎದುರಾಯಿತು.

2025ರ ಮಾರ್ಚ್ 12, ಯೂರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್. ಎದುರಾಳಿ ಅದೇ ರಿಯಲ್ ಮ್ಯಾಡ್ರಿಡ್. ಎರಡು ಪಂದ್ಯಗಳ ಲೆಕ್ಕ ಸಮವಾಗಿ ಪೆನಾಲ್ಟಿ ಶೂಟೌಟ್ ಶುರುವಾಯಿತು. ಜೂಲಿಯನ್ ಒದೆಯುವಾಗ ಊರಿದ ಎಡಗಾಲು ಜಾರಿತು. ಅವರು ಬೀಳುವಷ್ಟರಲ್ಲಿ ಚೆಂಡು ಬಲೆಯೊಳಗಿತ್ತು. ಆದರೆ ಬಲಗಾಲು ಒದೆಯುವ ಹೊತ್ತಿಗೆ ಜಾರಿದ ಕಾಲೂ ಚೆಂಡಿಗೆ ತಗುಲಿತ್ತು. ಕಣ್ಣಿಗೆ ಕಾಣದಂಥ ಆ ಸ್ಪರ್ಶವನ್ನು ವಿಡಿಯೊ ಪರಿಶೀಲನೆಯಲ್ಲಿ ಪತ್ತೆಹಚ್ಚಿ, ಎರಡು ಸಲ ಮುಟ್ಟಿದಂತಾಯಿತೆಂದು ಗೋಲನ್ನು ರದ್ದು ಮಾಡಿದರು. ಅಟ್ಲೆಟಿಕೊ ಸೋತಿತು. ನನ್ನ ಮನಸ್ಸು ಆ ತೀರ್ಪನ್ನು ಇವತ್ತಿಗೂ ಒಪ್ಪಿಲ್ಲ. ಜಾರಿದವನಿಗೆ ಅದರಿಂದ ಏನು ಲಾಭವಾಗಿತ್ತು?

ಅಂದು ನಿಯಮ ಇದ್ದದ್ದೇ ಹಾಗೆ, ತೀರ್ಪುಗಾರರು ಅದನ್ನು ಪಾಲಿಸಿದರು ಅಷ್ಟೆ. ಮೂರು ತಿಂಗಳೂ ಕಳೆಯಲಿಲ್ಲ, ಫುಟ್‌ಬಾಲ್ ನಿಯಮಗಳನ್ನು ರೂಪಿಸುವ ಮಂಡಳಿ ಹೊಸ ವಿವರಣೆ ಹೊರಡಿಸಿತು. ಪೆನಾಲ್ಟಿ ಒದೆಯುವಾಗ ಆಕಸ್ಮಿಕವಾಗಿ ಎರಡೂ ಕಾಲು ತಗುಲಿ ಚೆಂಡು ಗೋಲಾದರೆ ಇನ್ನು ಮುಂದೆ ಅದು ರದ್ದಾಗಿ ಕಳೆದುಹೋಗುವುದಿಲ್ಲ. ಆಟಗಾರ ಇನ್ನೊಮ್ಮೆ ಒದೆಯಬಹುದು.

ನಮಸ್ಕಾರ.