ಯಾವ ಕತೆ ಯಾವ ನಾಳೆಗೆ?

ಕೇಳುಗರಿಗೆ ನಮಸ್ಕಾರ.

ಒಬ್ಬ ಲೇಖಕ ಮೂವತ್ತು ನಲವತ್ತು ವೈಜ್ಞಾನಿಕ ಕತೆ ಬರೆದಿದ್ದಾನೆ ಅಂತಿಟ್ಟುಕೊಳ್ಳಿ. ಎಲ್ಲವೂ ಮುಂದೆಂದೋ ನಡೆಯುವಂಥವು. ಒಂದರಲ್ಲಿ ಚಂದ್ರನ ಮೇಲೆ ಊರು ಕಟ್ಟಿದ್ದಾರೆ, ಇನ್ನೊಂದರಲ್ಲಿ ಮಂಗಳಕ್ಕೆ ಸರಕಿನ ಹಡಗು ಓಡಾಡುತ್ತಿದೆ. ಇವೆಲ್ಲ ಒಂದೇ ನಾಳೆಗೆ ಸೇರಿದವೋ, ಕತೆಗೊಂದು ನಾಳೆಯೋ? ಅದನ್ನು ತೀರ್ಮಾನ ಮಾಡುವವರು ಯಾರು? ಹಾಸನದಲ್ಲಿ ಕೂತು ನಾನೂ ಇಂಥದ್ದೊಂದು ಸಂಕಲನ ಜೋಡಿಸುತ್ತಿದ್ದೇನೆ. ಹಾಗಾಗಿ ಈ ಪ್ರಶ್ನೆ ರಾತ್ರಿ ಊಟದ ಹೊತ್ತಿನಲ್ಲೂ ನಮ್ಮ ಮನೆಯಲ್ಲಿ ಎದ್ದು ಕೂರುತ್ತದೆ.

ಇನ್ನೂ ನಡೆಯದ ಕಾಲಕ್ಕೆ ಇಸವಿ ಹಾಕಿ ಅದರ ಮೇಲೆ ಕತೆ ಕೂರಿಸುವ ಈ ಪದ್ಧತಿಗೆ ಹೆಸರು ತಂದುಕೊಟ್ಟವರು ಅಮೆರಿಕದ ರಾಬರ್ಟ್ ಹೈನ್‌ಲೈನ್. ಅವರ ಮೊದಲ ಕತೆ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಬಂದದ್ದು 1939ರ ಆಗಸ್ಟ್‌ನಲ್ಲಿ. ಎರಡು ವರ್ಷ ತುಂಬುವ ಮೊದಲೇ, 1941ರ ಮೇ ಸಂಚಿಕೆಯಲ್ಲಿ, ಸಂಪಾದಕ ಜಾನ್ ಕ್ಯಾಂಬೆಲ್, ಹೈನ್‌ಲೈನ್ ಅವರ 'ಫ್ಯೂಚರ್ ಹಿಸ್ಟರಿ' (ಅಂದರೆ ನಾಳೆಯ ಇತಿಹಾಸ) ಸರಣಿಯ ಪಟ್ಟಿಯನ್ನೇ ಅಚ್ಚು ಹಾಕಿದರು. ಒಂದು ಕಡೆ ಇಸವಿ, ಪಕ್ಕಕ್ಕೆ ಕತೆಗಳ ಹೆಸರು, ಪಾತ್ರಗಳ ಆಯುಷ್ಯ ತೋರಿಸುವ ಉದ್ದುದ್ದ ಗೆರೆಗಳು, ಆಗಿನ ತಂತ್ರಜ್ಞಾನ, ಸಮಾಜದ ಸ್ಥಿತಿಗತಿ. ಇನ್ನೂ ಬರೆಯದೇ ಇದ್ದ ಕತೆಗಳು ಆವರಣ ಚಿಹ್ನೆಯೊಳಗೆ.

ಆಗ ಅವರ ನಿಯಮವೂ ಸರಳವಾಗಿತ್ತು. ಸರಣಿಯ ಕತೆಗೆ ಸ್ವಂತ ಹೆಸರು, ಹೊರಗಿನದಕ್ಕೆ 'ಆನ್ಸನ್ ಮೆಕ್‌ಡೊನಾಲ್ಡ್' ಎಂಬ ಕಾವ್ಯನಾಮ. ಹೆಸರು ನೋಡಿದರೆ ಗೊತ್ತಾಗುತ್ತಿತ್ತು, ಯಾವುದು ಒಳಗೆ ಯಾವುದು ಹೊರಗೆ ಅಂತ.

ಅದೇ ವರ್ಷದ ಜುಲೈನಲ್ಲಿ ಮೆಕ್‌ಡೊನಾಲ್ಡ್ ಹೆಸರಿನಲ್ಲಿ 'ವಿ ಆಲ್ಸೋ ವಾಕ್ ಡಾಗ್ಸ್' ಎಂಬ ಕತೆ ಬಂತು. ದುಡ್ಡು ಕೊಟ್ಟರೆ ಯಾವ ಕೆಲಸವನ್ನಾದರೂ ಮಾಡಿಕೊಡುವ ಕಂಪನಿಯೊಂದರ ಕತೆ. ಬೇರೆ ಗ್ರಹಗಳ ಪ್ರತಿನಿಧಿಗಳು ಭೂಮಿಯಲ್ಲಿ ಸಭೆ ಸೇರಬೇಕು, ನಮ್ಮ ಗುರುತ್ವ ಅವರಿಗೆ ಒಗ್ಗುವುದಿಲ್ಲ. ಸರಿ, ಕಂಪನಿಯವರು ಗುರುತ್ವವನ್ನೇ ಅಂಕೆಯಲ್ಲಿಡುವ ಯಂತ್ರ ಕಂಡುಹಿಡಿಸಿಬಿಡುತ್ತಾರೆ! ಓದಲು ಬಲು ಸೊಗಸು. ಆದರೆ ಹತ್ತು ವರ್ಷದ ಮೇಲೆ, 1951ರಲ್ಲಿ, ಸರಣಿಯ ಸಂಕಲನದೊಳಗೆ ಈ ಕತೆ ಬಂದು ಕೂತಿತು. 1967ರ ದೊಡ್ಡ ಸಂಪುಟದಲ್ಲೂ ಇದೆ. ಗುರುತ್ವ ಕೈಗೆ ಸಿಕ್ಕ ಮೇಲೆ ಉಳಿದ ಕತೆಗಳ ರಾಕೆಟ್ಟಿನವರು ಯಾಕೆ ಹಳೇ ರೀತಿಯಲ್ಲೇ ಒದ್ದಾಡಬೇಕು? ಆ ಯಂತ್ರ ಅವರ ಕಿವಿಗೇ ಬಿದ್ದ ಹಾಗಿಲ್ಲ.

ಇನ್ನೊಂದು ಕಡೆ 'ಯೂನಿವರ್ಸ್' ಎಂಬ ಕತೆ. ತಲೆಮಾರುಗಟ್ಟಲೆ ಸಾಗುವ ಹಡಗು, ಒಳಗಿನವರಿಗೆ ತಾವು ಹಡಗಿನಲ್ಲಿದ್ದೇವೆ ಅನ್ನುವುದೇ ಮರೆತುಹೋಗಿದೆ. ಪಟ್ಟಿ ಅಚ್ಚಾದ ಸಂಚಿಕೆಯಲ್ಲೇ ಈ ಕತೆಯೂ ಅಚ್ಚಾಗಿತ್ತು. ಆ ಹಡಗು 'ವ್ಯಾನ್‌ಗಾರ್ಡ್'ನ ಹೆಸರು ಸರಣಿಯ 'ಮೆಥೂಸೆಲಾಸ್ ಚಿಲ್ಡ್ರನ್' ಕಾದಂಬರಿಯಲ್ಲೂ ಬರುತ್ತದೆ. ಅಂಥದ್ದನ್ನು 1967ರ ಸಂಪುಟದಿಂದ ಬಿಟ್ಟರು! ಕರುಳಬಳ್ಳಿ ಇದ್ದದ್ದು ಹೊರಗೆ, ನೆಂಟಸ್ತಿಕೆಯೇ ಇಲ್ಲದ್ದು ಒಳಗೆ. ಲೇಖಕರೇ ಒಪ್ಪಿಕೊಂಡ ಮೇಲೆ ಮಾತೇನು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಂಪುಟ ಕಟ್ಟುವಾಗ ಪುಟದ ಲೆಕ್ಕ, ಹಕ್ಕಿನ ಲೆಕ್ಕ, ಮಾರಾಟದ ಲೆಕ್ಕ ಎಲ್ಲ ಇರಬಹುದು. ನನ್ನ ಪರೀಕ್ಷೆ ಒಂದೇ: ಈ ಕತೆ ಕಿತ್ತು ತೆಗೆದರೆ ಇನ್ನೊಂದು ಕತೆಗೆ ಏನಾದರೂ ಕೊರತೆ ಬೀಳುತ್ತದೆಯೇ?

ವಾಸ್ತವಕ್ಕೆ ಹೊಂದುವುದಿಲ್ಲ ಅಂತ ಕತೆಯನ್ನು ಹೊರಗೆ ಹಾಕುವುದು ಬೇಕಿಲ್ಲ. ಹೈನ್‌ಲೈನ್ ಕತೆಯಲ್ಲಿ ಚಂದ್ರನಿಗೆ ಮೊದಲು ಹೋಗುವುದು 1978ರಲ್ಲಿ, ಅದೂ ಒಬ್ಬ ವ್ಯಾಪಾರಿಯ ಹಟದಿಂದ. ನಿಜದಲ್ಲಿ 1969ಕ್ಕೇ ಸರ್ಕಾರದ ದುಡ್ಡಿನಲ್ಲಿ ಆಯಿತು. ಆಗಲಿ. ಅಮೆರಿಕದ ಇನ್ನೊಬ್ಬ ಲೇಖಕ ಲ್ಯಾರಿ ನಿವನ್ ಅವರ ಮೊದಲ ಕತೆಯಲ್ಲಿ ಬುಧಗ್ರಹದ ಒಂದು ಮುಖ ಸದಾ ಕತ್ತಲು, ಸದಾ ಚಳಿ. ಅದು 1964ರ ಕೊನೆಗೆ ಅಚ್ಚಾಯಿತು. 1965ರಲ್ಲಿ ರೇಡಾರ್ ಹಾಯಿಸಿ ನೋಡಿದರೆ ಬುಧ ಸುಮಾರು 59 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ, ಎಲ್ಲ ಮುಖಕ್ಕೂ ಬಿಸಿಲಿದೆ! ನಿವನ್ ಆ ಕತೆಯನ್ನು ತಮ್ಮ ಸರಣಿಯಿಂದ ಕೈಬಿಡಲಿಲ್ಲ. ಸರಿಯಾಗೇ ಮಾಡಿದರು. ಐಸಾಕ್ ಅಸಿಮೋವ್ 1980ರ ದಶಕದಲ್ಲಿ ತಮ್ಮ ರೋಬಾಟ್ ಕತೆಗಳನ್ನೂ ರೋಬಾಟ್ ಸುಳಿವೇ ಇಲ್ಲದ 'ಫೌಂಡೇಶನ್' ಕತೆಗಳನ್ನೂ ಹೊಲಿದು ಒಂದು ಮಾಡಿದ್ದು ಮಾತ್ರ ನನಗೆ ಇವತ್ತಿಗೂ ಹಿಡಿಸಿಲ್ಲ.

ಪಾತ್ರ ಮರಳಿ ಬಂದರೆ ಸರಣಿಯಾಗುತ್ತದೆಯೇ? ಮೂಡಿಗೆರೆಯ ತೇಜಸ್ವಿಯವರ ನಾಯಿ ಕಿವಿ 'ಕರ್ವಾಲೋ'ದಲ್ಲೂ ಇದೆ, 'ಪರಿಸರದ ಕತೆ'ಯಲ್ಲೂ ಓಡಾಡುತ್ತದೆ. ಅಷ್ಟಕ್ಕೇ ಅವೆರಡನ್ನೂ ಯಾರೂ ಒಂದು ಸರಣಿ ಅನ್ನುವುದಿಲ್ಲ.

ಈಗ ನನ್ನ ಪಾಡು ಕೇಳಿ. ನನ್ನದೊಂದು ಕತೆ ನಡೆಯುವುದು ಸಾಲಗಾಮೆ ರಸ್ತೆಯ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರದ ಆಸುಪಾಸಿನಲ್ಲಿ. 36,000 ಕಿಲೋಮೀಟರ್ ಎತ್ತರದಲ್ಲಿ ಕೆಲಸ ಮಾಡಿ ಮುಗಿಸಿದ ಉಪಗ್ರಹವನ್ನು, ಉಳಿದ ಇಂಧನದಲ್ಲಿ ಇನ್ನೂ ಮುನ್ನೂರು ಕಿಲೋಮೀಟರಿನಷ್ಟು ಮೇಲಕ್ಕೆ ತಳ್ಳಿ, ದಾರಿ ತೆರವು ಮಾಡುವುದು ಇವತ್ತಿನ ರೂಢಿ. ನನ್ನ ಕತೆಯಲ್ಲಿ 2080ರ ಹೊತ್ತಿಗೆ ಹಾಸನದ ಗುಜರಿಯವರು ಹಡಗು ಮಾಡಿಕೊಂಡು ಆ ಸತ್ತ ಉಪಗ್ರಹಗಳನ್ನು ಆಯಲು ಹೋಗುತ್ತಾರೆ. ಕತೆ ಸ್ವಲ್ಪ ಒಣಕಲು, ಗೊತ್ತು. ಆದರೆ ಮುಂದಿನ ನಾಲ್ಕು ಕತೆಗಳ ಲೋಹವೆಲ್ಲ ಅಲ್ಲಿಂದಲೇ ಬರಬೇಕು, ಅದು ಇರಲೇಬೇಕು.

ಸಕಲೇಶಪುರದ ಕಾಫಿ ತೋಟದ ಮುದುಕಿಯೊಬ್ಬಳು ತನ್ನ ರೋಬಾಟಿಗೆ ಹಣ್ಣು ಬಿಡಿಸುವುದನ್ನು ಕಲಿಸುವ ಕತೆ ಇನ್ನೊಂದು. ಕೆಂಪು ಹಣ್ಣು ಯಾವುದು, ಒಂದು ದಿನ ಬಿಟ್ಟರೆ ಕೆಂಪಾಗುವ ಹಣ್ಣು ಯಾವುದು ಅನ್ನುವುದರಲ್ಲೇ ಇಡೀ ಕತೆ ಇದೆ. ನಾನು ಬರೆದದ್ದರಲ್ಲಿ ಎಲ್ಲರೂ ಮೆಚ್ಚಿದ್ದು ಅದನ್ನೇ. ಅದನ್ನು ತೆಗೆದೆ. ಅಣ್ಣನ ಮಗ ಕೈಬರಹ ಓದುತ್ತಿದ್ದವನು ತಲೆಯೆತ್ತಿ, "ಅತ್ತೆ, ಚೆನ್ನಾಗಿರೋ ಕತೆನೇ ಬಿಟ್ಟುಬಿಟ್ರೆ ಪುಸ್ತಕ ಯಾರು ತಗೋತಾರೆ? ತೋಟದ ಮೇಲೆ ಗುಜರಿ ಹಡಗು ಹಾದುಹೋಯ್ತು ಅಂತ ಒಂದು ಸಾಲು ಹಾಕಿ, ಸೇರ್‍ಕೊಳ್ಳುತ್ತೆ" ಅಂದ.

"ಆ ಸಾಲು ತೆಗೆದ್ರೆ ಮುದುಕಿಗೆ ಏನಾದ್ರೂ ಆಗುತ್ತೇನೋ?"

"ಏನೂ ಆಗಲ್ಲ."

"ಮತ್ತೆ?"

ಅವನು ಸುಮ್ಮನಿರುವ ಪೈಕಿ ಅಲ್ಲ. ಶೆಟ್ಟಿಹಳ್ಳಿ ಚರ್ಚಿನ ಎರಡು ಕತೆ ಎಳೆದು ತಂದ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಅದು. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ, ಬೇಸಗೆಗೆ ಗೋಡೆ ಕಮಾನು ಎಲ್ಲ ಮೇಲೆ ಕಾಣುತ್ತದೆ. ನನ್ನ ಒಂದು ಕತೆಯಲ್ಲಿ, 2060ರಲ್ಲಿ, ಹೂಳು ತುಂಬಿದ ಅಣೆಕಟ್ಟೆಯನ್ನು ಒಡೆದಾಗಿದೆ. ಚರ್ಚಿನ ಒಳಗೆ ವರ್ಷವಿಡೀ ಆಡು ಮೇಯುತ್ತವೆ. ಇನ್ನೊಂದರಲ್ಲಿ, 2095ರಲ್ಲಿ, ಅದೇ ಕಮಾನಿನ ಸುತ್ತ ಹರಿಗೋಲು ತೇಲುತ್ತಿದೆ. ಎರಡನೆಯದರ ಇಸವಿ ಹಿಂದಕ್ಕೆ ಸರಿಸೋಣವೆಂದರೆ, ಹರಿಗೋಲಿನವನ ಅಪ್ಪ ಗುಜರಿ ಹಡಗಿನಲ್ಲಿ ದುಡಿದವನು. 2080ಕ್ಕಿಂತ ಮೊದಲು ಅವನಿಗೆ ಜಾಗವಿಲ್ಲ. ಮೊದಲನೆಯದನ್ನು ಬಿಡೋಣವೆಂದರೆ, ಆ ಆಡು ಕಾಯುವ ಹುಡುಗನೇ ಮುಂದೆ ಗುಜರಿಯವರ ಯಜಮಾನ.

ಎರಡೂ ಇರಬೇಕಾದರೆ ನಡುವೆ ಯಾರೋ ಅಣೆಕಟ್ಟೆಯನ್ನು ಮತ್ತೆ ಕಟ್ಟಿರಬೇಕು. ಇದಕ್ಕೆ ಹೈನ್‌ಲೈನ್ ಪಟ್ಟಿಯ ಆವರಣ ಚಿಹ್ನೆಯೇ ನೆರವಿಗೆ ಬಂತು. ಅವರ ಸರಣಿಯಲ್ಲಿ ಅಮೆರಿಕವನ್ನು ಧರ್ಮದ ಹೆಸರಿನ ಸರ್ವಾಧಿಕಾರಕ್ಕೆ ದೂಡುವವನು ನೆಹೆಮಾಯಾ ಸ್ಕಡರ್. ಅವನು ಅಧಿಕಾರ ಹಿಡಿದ ಕತೆ ಪಟ್ಟಿಯಲ್ಲಿದೆ, ಬರೆಯಲಿಲ್ಲ. ಆ ಮನುಷ್ಯನನ್ನು ಕಂಡರಾಗದು ಅನ್ನುವುದು ಅವರು 1953ರಲ್ಲಿ ಕೊಟ್ಟ ಕಾರಣಗಳಲ್ಲೊಂದು. ಬರೆಯದಿದ್ದರೂ ಸರಣಿಗೆ ಅಷ್ಟು ಬೇಕಾದ ಕತೆ ಇನ್ನೊಂದಿಲ್ಲ.

ನನ್ನ ಪಟ್ಟಿಯಲ್ಲೂ ಗೊರೂರಿನ ಎರಡನೇ ಅಣೆಕಟ್ಟೆ ಆವರಣದೊಳಗೇ ಇದೆ. ನೀರಾವರಿ ಇಲಾಖೆಯ ಕಡತದ ಕತೆ ಬರೆಯುವ ತಾಳ್ಮೆ ನನಗಿಲ್ಲ. ಕೇಳುಗರಲ್ಲಿ ಯಾರಾದರೂ ಇಂಜಿನಿಯರುಗಳಿದ್ದರೆ ಬರೆಯಿರಿ, 2060ರಿಂದ 2095ರವರೆಗೆ ಜಾಗ ಖಾಲಿ ಇದೆ.

ನಮಸ್ಕಾರ.