ದನಿ ಸಾಗಿದಂತೆ ಬೆಳಗುವ ಸಾಲು: ಕೇಳುತ್ತಾ ಓದುವ ಆ್ಯಪ್

ಕೇಳುಗರಿಗೆ ನಮಸ್ಕಾರ.

ಒಬ್ಬರು ಪುಸ್ತಕ ಓದುತ್ತಿರುತ್ತಾರೆ. ಅವರ ದನಿ ಎಲ್ಲಿಗೆ ಬಂದಿದೆಯೋ ಅಲ್ಲಿನ ಮಾತಿಗೆ ಮೊಬೈಲಿನ ಪರದೆಯಲ್ಲಿ ಬಣ್ಣ ಬರುತ್ತದೆ. ಅಕ್ಷರ ಕಲಿಯುತ್ತಿರುವ ಮಕ್ಕಳಿಗೆ, ಅಕ್ಷರ ಗುರುತಿಸಿ ಓದಲು ತೊಡಕಾಗುವ ಡಿಸ್ಲೆಕ್ಸಿಯಾ ಇರುವವರಿಗೆ, ಕನ್ನಡ ಮಾತಾಡಲು ಬಂದರೂ ಓದಲು ಬಾರದೆ ಹೊರನಾಡಿನಲ್ಲಿ ಬೆಳೆದವರಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಹಾಡಿನ ಸಾಲನ್ನು ಅದೇ ಭಾಷೆಯಲ್ಲಿ ತೆರೆಯ ಮೇಲೆ ತೋರಿಸಿ ಓದುವ ಅಭ್ಯಾಸ ಬೆಳೆಸುವ ಪ್ರಯತ್ನವನ್ನು ಬ್ರಿಜ್ ಕೊಠಾರಿಯವರು 1999ರಲ್ಲಿ ಗುಜರಾತಿ ಚಿತ್ರಗೀತೆಗಳಿಂದ ದೂರದರ್ಶನದಲ್ಲಿ ಶುರುಮಾಡಿದರು. ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಸ್ಟೋರಿವೀವರ್ ತಾಣದಲ್ಲಿ ಮಕ್ಕಳಿಗಾಗಿ ಇಂಥ ಪುಸ್ತಕಗಳನ್ನು ಇಟ್ಟಿದೆ. ಹತ್ತು ಪುಟದ ಚಿತ್ರಪುಸ್ತಕಕ್ಕೆ ಇದನ್ನು ಕೈಯಲ್ಲೇ ಮಾಡಿಬಿಡಬಹುದು. ಹತ್ತು ಗಂಟೆಯ ಕಾದಂಬರಿಗೆ ಮಾಡುವುದು ಹೇಗೆ ಎಂಬುದು ಇವತ್ತಿನ ಮಾತು.

ಮೊದಲು ತಿಳಿಯಬೇಕಾದದ್ದು, ಇಲ್ಲಿ ಆ್ಯಪ್ ಎನ್ನುವುದು ಚಿಕ್ಕ ಭಾಗ. ನಿಜವಾದ ಕೆಲಸ ಇರುವುದು ಒಂದು ಸಮಯಪಟ್ಟಿಯಲ್ಲಿ. ಪಠ್ಯದ ಈ ತುಣುಕು ಇಷ್ಟನೇ ಸೆಕೆಂಡಿಗೆ ಶುರು, ಇಷ್ಟನೇ ಸೆಕೆಂಡಿಗೆ ಮುಗಿತಾಯ ಎಂದು ಹೇಳುವ ಪಟ್ಟಿ ಅದು. ತುಣುಕೊಂದಕ್ಕೆ ಸರಾಸರಿ ನಾಲ್ಕು ಸೆಕೆಂಡು ಹಿಡಿದರೆ ಗಂಟೆಗೆ 900 ಸಾಲು, ಹತ್ತು ಗಂಟೆಗೆ 9,000. ಪಟ್ಟಿ ಸರಿಯಿದ್ದರೆ ಸಾಧಾರಣ ಆ್ಯಪ್ ಕೂಡ ಚೆನ್ನಾಗಿ ನಡೆಯುತ್ತದೆ. ಪಟ್ಟಿ ಕೆಟ್ಟಿದ್ದರೆ ಎಷ್ಟು ಚಂದದ ಆ್ಯಪ್ ಆದರೂ ಓದುಗ ಎರಡನೇ ಪುಟಕ್ಕೇ ಮುಚ್ಚಿಡುತ್ತಾನೆ.

ಪಠ್ಯದಿಂದ ಶುರುಮಾಡೋಣ. ನಮ್ಮ ಎಷ್ಟೋ ಪುಸ್ತಕಗಳ ಡಿಟಿಪಿ ಕಡತಗಳು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಹುಡುಕಿ ನೋಡಿ, ಹೆಚ್ಚು ತಪ್ಪು ನುಸುಳುವುದು ಅಲ್ಲೇ. ಇನ್ನೊಂದು ಕಣ್ಣಿಗೆ ಕಾಣದ ತೊಡಕಿದೆ. ‘ಕೋ’ ಎಂಬಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎಕಾರ, ಊಕಾರ, ದೀರ್ಘ ಎಂಬ ಮೂರು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಾಗಾಗಿ ಇಡೀ ಪಠ್ಯವನ್ನು, ಇಂಥವನ್ನೆಲ್ಲ ಒಂದೇ ಸಂಕೇತವಾಗಿಸುವ ಎನ್ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದೇ ಮುಂದುವರಿಯಬೇಕು.

ಆಮೇಲೆ ತುಣುಕು ಮಾಡುವುದು. ಇಂಗ್ಲಿಷ್ ಆ್ಯಪ್‌ಗಳನ್ನು ನೋಡಿದವರಿಗೆ ಪದಪದಕ್ಕೂ ಬಣ್ಣ ಬರಬೇಕೆಂಬ ಆಸೆ ಇರುತ್ತದೆ. ದೊಡ್ಡವರು ಓದುವ ಕನ್ನಡ ಪುಸ್ತಕಕ್ಕೆ ಅದು ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ‘ಊಟ ಆಯಿತು ಅಂತ’ ಎಂದು ಅಚ್ಚಾದದ್ದನ್ನು ಓದುವವರು ‘ಊಟಾಯ್ತಂತ’ ಎನ್ನುತ್ತಾರೆ. ಆ ದನಿಯಲ್ಲಿ ಪದಗಳ ನಡುವೆ ಗೆರೆ ಎಲ್ಲಿ ಎಳೆಯುವುದು? ಗೆರೆಯೇ ಇಲ್ಲದ ಕಡೆ ಯಂತ್ರ ಗೆರೆ ಎಳೆದರೆ ಬಣ್ಣ ತಡವರಿಸುತ್ತದೆ, ಕಣ್ಣು ದಣಿಯುತ್ತದೆ. ಓದುವವರು ಉಸಿರು ತೆಗೆದುಕೊಳ್ಳುವಲ್ಲಿ ತುಂಡರಿಸಿ. ಅಲ್ಪವಿರಾಮ, ‘ಎಂದು’, ‘ಆದರೆ’, ‘ಹೀಗಿರುವಾಗ’, ಇಂಥ ಜಾಗಗಳಲ್ಲಿ ಮೂರರಿಂದ ಎಂಟು ಪದಗಳ ತುಣುಕು ಸಹಜವಾಗಿ ಸಿಗುತ್ತದೆ. ಪೂರ್ಣವಿರಾಮ ಕಂಡಲ್ಲೆಲ್ಲಾ ಕತ್ತರಿಸುವ ಪ್ರೋಗ್ರಾಂ ಬರೆದರೆ ‘ಡಾ.’, ‘ಕ್ರಿ.ಶ.’, ‘ಎಂ.ಎ.’ ಇವೆಲ್ಲಾ ತುಂಡಾಗುತ್ತವೆ. ಅವುಗಳ ಪಟ್ಟಿಯೊಂದನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಪ್ರತಿ ತುಣುಕಿಗೂ ಒಂದು ಗುರುತುಸಂಖ್ಯೆ ಕೊಟ್ಟು, ಪಠ್ಯವನ್ನು ಎರಡು ಕಾಲಮ್ಮಿನಲ್ಲಿ ಇಡಿ. ಒಂದು ತೋರಿಸುವ ಪಠ್ಯ, ಇನ್ನೊಂದು ಓದಿದ ಪಠ್ಯ. ಪುಟದಲ್ಲಿ ‘1947’ ಎಂದಿದ್ದರೆ ಎರಡನೇ ಕಾಲಮ್ಮಿನಲ್ಲಿ ‘ಸಾವಿರದ ಒಂಬೈನೂರ ನಲವತ್ತೇಳು’ ಎಂದಿರಬೇಕು. ದನಿಗೆ ಹೋಲಿಸುವುದು ಈ ಎರಡನೆಯದನ್ನು.

ಹೋಲಿಸುವ ಕೆಲಸಕ್ಕೆ ಫೋರ್ಸ್ಡ್ ಅಲೈನ್‌ಮೆಂಟ್ ಎನ್ನುತ್ತಾರೆ. ಇದಕ್ಕೆ ಎರಡು ದಾರಿಗಳಿವೆ. ಏನಿಯಸ್ ಎಂಬ ಉಚಿತ ತಂತ್ರಾಂಶ ಮೊದಲು ನಿಮ್ಮ ಪಠ್ಯವನ್ನು ಇಸ್ಪೀಕ್‌ನಂಥ ಯಂತ್ರದನಿಯಲ್ಲಿ ತಾನೇ ಓದಿಸಿ, ಆ ದನಿಯನ್ನೂ ನಿಮ್ಮ ಪುಸ್ತಕವನ್ನು ಓದಿದವರ ದನಿಯನ್ನೂ ಹಿಗ್ಗಿಸಿ ಕುಗ್ಗಿಸಿ ಒಂದಕ್ಕೊಂದು ಹೊಂದಿಸುತ್ತದೆ. ಯಂತ್ರದನಿ ಎಲ್ಲೆಲ್ಲಿ ತುಣುಕು ಮುಗಿಸಿತೆಂಬುದು ಅದಕ್ಕೆ ಗೊತ್ತಿರುವುದರಿಂದ ಮನುಷ್ಯದನಿಯ ಸಮಯ ಸಿಗುತ್ತದೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಇದು ನಡೆಯುತ್ತದೆ. ಎರಡನೆಯ ದಾರಿ ಮಾತನ್ನು ಗುರುತಿಸುವ ಮಾದರಿಗಳದು. ಮೆಟಾ 2023ರಲ್ಲಿ ಬಿಡುಗಡೆ ಮಾಡಿದ ಎಂಎಂಎಸ್, ಮದರಾಸು ಐಐಟಿಯ ಎಐ4ಭಾರತ್ ತಂಡದ ಮಾದರಿಗಳು ಕನ್ನಡವನ್ನೂ ಬಲ್ಲವು. ಉಸಿರಿನ ತುಣುಕಿಗೆ ಮೊದಲನೇ ದಾರಿ ಸಾಕಾಗುತ್ತದೆ. ಹಿನ್ನೆಲೆಯಲ್ಲಿ ಸಂಗೀತವಿದ್ದರೆ, ಅಥವಾ ಓದುವವರು ಪಾತ್ರಕ್ಕೆ ತಕ್ಕಂತೆ ದನಿ ಬದಲಿಸುತ್ತಿದ್ದರೆ, ಎರಡನೆಯದೇ ಮೇಲು.

ಯಾವ ದಾರಿ ಹಿಡಿದರೂ ಅಧ್ಯಾಯಕ್ಕೊಂದು ಕಡತವಿರಲಿ. ಏಕೆಂದರೆ ಒಂದು ಕಡೆ ಜಾರಿದರೆ ಆ ತಪ್ಪು ಮುಂದಕ್ಕೂ ಹರಿಯುತ್ತದೆ. ಜಾರುವುದಕ್ಕೆ ಕಾರಣ ಹೆಚ್ಚಾಗಿ ಎರಡೇ: ‘ಅಧ್ಯಾಯ ಮೂರು, ಓದುತ್ತಿರುವವರು ಇಂಥವರು’ ಎಂದು ದನಿಯಲ್ಲಿದ್ದು ಪಠ್ಯದಲ್ಲಿ ಇಲ್ಲದಿರುವುದು, ಅಡಿಟಿಪ್ಪಣಿ ಪಠ್ಯದಲ್ಲಿದ್ದು ದನಿಯಲ್ಲಿ ಇಲ್ಲದಿರುವುದು. ತಪ್ಪನ್ನು ಹುಡುಕಲು ಹತ್ತು ಗಂಟೆ ಕೂತು ಕೇಳಬೇಕಾಗಿಲ್ಲ. ಪ್ರತಿ ತುಣುಕಿನ ಅಕ್ಷರಸಂಖ್ಯೆಯನ್ನು ಅದರ ಸೆಕೆಂಡುಗಳಿಂದ ಭಾಗಿಸಿ. ಪುಸ್ತಕದ ನಡುಮಟ್ಟದ ವೇಗಕ್ಕಿಂತ ಅರ್ಧಕ್ಕೆ ಇಳಿದ ಅಥವಾ ಇಮ್ಮಡಿಗೆ ಏರಿದ ತುಣುಕುಗಳಿಗೆ ಕೆಂಪು ಗುರುತು ಹಾಕಿ, ಅಲ್ಲಿ ಮಾತ್ರ ಕಿವಿಗೊಟ್ಟು ತಿದ್ದಿ. ಈ ತಿದ್ದುವ ಕೆಲಸವನ್ನು ಮನುಷ್ಯರೇ ಮಾಡಬೇಕು, ಇದನ್ನು ಬಿಡಲೇಬಾರದು. ಮೌನ ಎಲ್ಲಿದೆಯೆಂದು ಎಫ್ಎಫ್‌ಎಂಪೆಗ್ ಎಂಬ ಆಡಿಯೊ ತಂತ್ರಾಂಶದ ಸೈಲೆನ್ಸ್‌ಡಿಟೆಕ್ಟ್ ತೋರಿಸುತ್ತದೆ. ಸದ್ದು ಮೈನಸ್ 35 ಡೆಸಿಬೆಲ್‌ಗಿಂತ ಕೆಳಗೆ 0.4 ಸೆಕೆಂಡು ಇದ್ದರೆ ಮೌನ ಎಂದು ಕೊಟ್ಟು ಶುರುಮಾಡಿ, ಕೋಣೆಯ ಸದ್ದಿಗೆ ತಕ್ಕಂತೆ ಬದಲಿಸಿಕೊಳ್ಳಿ. ತುಣುಕಿನ ಆರಂಭವನ್ನು ಆ ಮೌನದೊಳಗೇ, ದನಿಗಿಂತ ಸುಮಾರು 0.1 ಸೆಕೆಂಡು ಮುಂಚೆ ಇಟ್ಟರೆ ಕಣ್ಣಿಗೆ ಹಿತ.

ಪಟ್ಟಿ ಮಾಡಿದ ಮೇಲೆ ಆಡಿಯೊ ಕಡತವನ್ನು ಮುಟ್ಟಬೇಡಿ. ಕಡತದ ತಲೆಗೆ ಮೂರು ಸೆಕೆಂಡು ಸಂಗೀತ ಸೇರಿಸಿದರೆ ಸಾಕು, ಇಡೀ ಅಧ್ಯಾಯದಲ್ಲಿ ಬಣ್ಣ ದನಿಗಿಂತ ಮೂರು ಸೆಕೆಂಡು ಮುಂದೆ ಓಡುತ್ತದೆ. ಎಂಪಿ3 ಮಾಡುವಾಗ ಮೊನೊ, ಅಂದರೆ ಒಂದೇ ಚಾನೆಲ್, ಮತ್ತು ಸೆಕೆಂಡಿಗೆ 64 ಕಿಲೋಬಿಟ್‌ನ ಸ್ಥಿರ ಬಿಟ್‌ರೇಟ್ ಇರಲಿ. ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ. ಬದಲಾಗುವ ಬಿಟ್‌ರೇಟ್ ಜಾಗ ಉಳಿಸುತ್ತದೆ ನಿಜ, ಆದರೆ ನಡುವಿನ ಸಾಲಿಗೆ ಹಾರಿದಾಗ ಕೆಲವು ಪ್ಲೇಯರ್‌ಗಳು ಅಂದಾಜಿನ ಮೇಲೆ ಎಲ್ಲೋ ಇಳಿಯುತ್ತವೆ.

ಇನ್ನು ಆ್ಯಪ್. ವೆಬ್ ಆ್ಯಪ್ ಆದರೆ ದನಿ ಮುಂದೆ ಸಾಗಿದೆಯೆಂದು ಬ್ರೌಸರ್ ಕೊಡುವ ‘ಟೈಮ್‌ಅಪ್‌ಡೇಟ್’ ಸೂಚನೆಯನ್ನೇ ನಂಬಬೇಡಿ, ಅದು ಸೆಕೆಂಡಿಗೆ ಸುಮಾರು ನಾಲ್ಕೇ ಸಲ ಬರುವುದುಂಟು. ಪರದೆ ಹೊಸದಾಗುವ ಪ್ರತಿ ಸಲವೂ ದನಿ ಎಲ್ಲಿದೆಯೆಂದು ಕೇಳಿ, ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್ ಮಾಡಿ. ಕೇಳುವವರು ವೇಗವನ್ನು 0.75ಕ್ಕೆ ಇಳಿಸಿದಾಗ ಪಟ್ಟಿಯ ಸಮಯವನ್ನು ಗುಣಿಸಲು ಹೋಗಬೇಡಿ. ಪ್ಲೇಯರ್ ಹೇಳುವುದು ಕಡತದೊಳಗಿನ ಸಮಯವನ್ನೇ. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ದನಿ ತಡವಾಗಿ ತಲುಪುತ್ತದೆ, ಬಣ್ಣ ಮುಂದೆ ಹೋಗುತ್ತದೆ. ಅದಕ್ಕೆ ಸೊನ್ನೆಯಿಂದ 0.5 ಸೆಕೆಂಡಿನವರೆಗೆ ಹೊಂದಿಸುವ ಒಂದು ಸೌಲಭ್ಯ ಕೊಡಿ.

ಪರದೆಯಲ್ಲಿ ಅಕ್ಷರವನ್ನು ದಪ್ಪ ಮಾಡಬೇಡಿ, ಹಿನ್ನೆಲೆಗೆ ಮಾತ್ರ ಬಣ್ಣ ಹಚ್ಚಿ. ದಪ್ಪ ಮಾಡಿದರೆ ಪದ ಅಗಲವಾಗಿ ಸಾಲುಗಳೇ ಸ್ಥಾನ ಬದಲಿಸುತ್ತವೆ, ಓದುತ್ತಿದ್ದ ಕಣ್ಣು ಜಾಗ ತಪ್ಪುತ್ತದೆ. ಪದದ ನಡುವೆ ಬಣ್ಣ ಹಚ್ಚುವ ಟ್ಯಾಗ್ ಹಾಕಿದರೆ ‘ಕ್ಷ’ ಒಡೆದು ಕ್ ಬೇರೆ, ಷ ಬೇರೆ ಕಾಣಬಹುದು. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರ ಅಕ್ಷರದ ಗಾತ್ರದ 1.7ರಷ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಓದುಗ ಬೆರಳಿಂದ ಪುಟ ಸರಿಸಿದ ಕೂಡಲೇ ಆ್ಯಪ್ ತಾನಾಗಿ ಸರಿಸುವುದನ್ನು ನಿಲ್ಲಿಸಬೇಕು. ಹದಿನೈದು ಸೆಕೆಂಡು ಹಿಂದಕ್ಕೆ ಹೋಗುವ ಗುಂಡಿಗಿಂತ ಒಂದು ತುಣುಕು ಹಿಂದಕ್ಕೆ ಹೋಗುವ ಗುಂಡಿ ಕಲಿಯುವವರಿಗೆ ಹೆಚ್ಚು ಬೇಕಾದದ್ದು.

ಹಕ್ಕಿನ ವಿಚಾರ ಎರಡು ಮಾತಿನಲ್ಲಿ. ಲೇಖಕರು ಬದುಕಿದ್ದಾಗಲೇ ಅಚ್ಚಾದ ಕೃತಿಗೆ ಭಾರತದಲ್ಲಿ ಅವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮಕ್ಕಳ ಕಥೆ, ಪದ್ಯಗಳಿಂದ ಶುರುಮಾಡಲು ಈ ಅಡ್ಡಿ ಇಲ್ಲ. ಆದರೆ ಓದಿದ ದನಿಗೆ ಬೇರೆಯೇ ಹಕ್ಕಿದೆ. ಓದುವವರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಕೊನೆಗೆ, ಪುಸ್ತಕ ನಿಮ್ಮ ಆ್ಯಪ್‌ನೊಳಗೇ ಉಳಿಯದಂತೆ ನೋಡಿಕೊಳ್ಳಿ. 2011ರಲ್ಲಿ ಬಂದ, ಇ-ಪುಸ್ತಕಗಳ ಇಪಬ್ 3 ಮಾನದಂಡದಲ್ಲಿ ಇದಕ್ಕೆಂದೇ ಮೀಡಿಯಾ ಓವರ್‌ಲೇ ಎಂಬ ವ್ಯವಸ್ಥೆ ಇದೆ. ನಿಮ್ಮ ಪಟ್ಟಿಯ ಪ್ರತಿ ಸಾಲೂ ಸ್ಮಿಲ್ ಎಂಬ ಕಡತದಲ್ಲಿ ತುಣುಕಿನ ಗುರುತು, ಆಡಿಯೊದ ಹೆಸರು, ಆರಂಭ, ಅಂತ್ಯ ಎಂದು ಕೂರುತ್ತದೆ. ಪ್ರತಿ ಅಧ್ಯಾಯದ ಅವಧಿಯನ್ನೂ ಇಡೀ ಪುಸ್ತಕದ ಅವಧಿಯನ್ನೂ ಪುಸ್ತಕದ ವಿವರಗಳಿರುವ ಮೆಟಾಡೇಟಾದಲ್ಲಿ ಬರೆಯಲು ಮರೆಯಬೇಡಿ. ಕಡತದ ತಪ್ಪು ತೋರಿಸುವ ಇಪಬ್‌ಚೆಕ್‌ನಲ್ಲಿ ಪರೀಕ್ಷಿಸಿ, ಇ-ಪುಸ್ತಕ ಓದುವ ಥೋರಿಯಂ ರೀಡರ್‌ನಲ್ಲಿ ತೆರೆದು, ಮೂರು ಅಧ್ಯಾಯಗಳ ಮೊದಲ ತುಣುಕು ಮತ್ತು ಕೊನೆಯ ತುಣುಕುಗಳನ್ನು ಒತ್ತಿ ನೋಡಿ. ಮೊದಲನೆಯದು ಸರಿಯಿದ್ದು ಕೊನೆಯದು ಜಾರಿದ್ದರೆ ಆ ಅಧ್ಯಾಯವನ್ನು ಮತ್ತೆ ಹೊಂದಿಸಬೇಕು.

ನಮಸ್ಕಾರ.