ರಿಸ್ಕ್ ಮಾಡೆಲ್ 0.3 ಅಂದ್ರೆ ಅದು ನಿಜವಾಗ್ಲೂ 0.3 ಏನಾ?

ನಮಸ್ಕಾರ ಎಲ್ರಿಗೂ. ಮೊನ್ನೆ ರಾತ್ರಿ ಒಬ್ಬ ಹುಡುಗ ಮೆಸೇಜ್ ಹಾಕಿದ್ದ, ಅಣ್ಣ ನಾಳೆ ಇಂಟರ್‌ವ್ಯೂ ಇದೆ, ಲೋನ್ ರಿಸ್ಕ್ ಮಾಡೆಲ್ ಮಾಡಿ ತೋರಿಸ್ಬೇಕಂತೆ, ಸೈಕಿಟ್-ಲರ್ನ್ ಇನ್‌ಸ್ಟಾಲೇ ಆಗ್ತಿಲ್ಲ ಅಂತ. ರಿಸ್ಕ್ ಮಾಡೆಲ್ ಅಂದ್ರೆ ಒಬ್ಬರು ಸಾಲ ವಾಪಸ್ ಕಟ್ಟದೇ ಇರೋ ಸಂಭವ ಎಷ್ಟು ಅಂತ ಹೇಳೋ ಪ್ರೋಗ್ರಾಂ, ಸೈಕಿಟ್-ಲರ್ನ್ ಅಂದ್ರೆ ಅಂಥ ಮಾಡೆಲ್ ಮಾಡೋಕೆ ಬಳಸೋ ಪೈಥಾನ್ ಲೈಬ್ರರಿ. ಸ್ಕ್ರೀನ್‌ಶಾಟ್ ನೋಡಿದ್ರೆ, ಲೈಬ್ರರಿ ಹಾಕ್ಕೊಳ್ಳೋ ಕಮಾಂಡ್ ಆಗಿ ಪಿಪ್ ಇನ್‌ಸ್ಟಾಲ್ ಎಸ್‌ಕೆಲರ್ನ್ ಅಂತ ಹೊಡ್ದಿದ್ದಾನೆ. ತುಂಬಾ ಜನ ಎಡವೋದೇ ಇಲ್ಲಿ. ಕೋಡ್ ಒಳಗೆ ಇಂಪೋರ್ಟ್ ಮಾಡುವಾಗ ಅದರ ಹೆಸರು ಎಸ್‌ಕೆಲರ್ನ್, ಇನ್‌ಸ್ಟಾಲ್ ಮಾಡುವಾಗ ಮಾತ್ರ ಸೈಕಿಟ್, ಹೈಫನ್, ಲರ್ನ್ ಅಂತ ಪೂರ್ತಿ ಹೊಡೀಬೇಕು. ಆಮೇಲೆ ಹೊಸ ಉಬುಂಟು ಇದ್ರೆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಅಂತ ಇನ್ನೊಂದು ಎರರ್ ಬರುತ್ತೆ, ಆಗ ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅನ್ನೋ ಫ್ಲ್ಯಾಗ್ ಹಾಕಿ ನುಗ್ಗಿಸ್ಬೇಡಿ ದಯವಿಟ್ಟು, ವೆನ್ವ್, ಅಂದ್ರೆ ಈ ಪ್ರಾಜೆಕ್ಟ್‌ಗೇ ಅಂತ ಬೇರೆ ಪೈಥಾನ್ ಜಾಗ, ಮಾಡ್ಕೊಳ್ಳಿ, ಅದನ್ನ ಆಕ್ಟಿವೇಟ್ ಮಾಡಿ, ಅದರೊಳಗೆ ಇನ್‌ಸ್ಟಾಲ್ ಮಾಡಿ. ಐದು ನಿಮಿಷದ ಕೆಲಸ, ಮುಗೀತು.

ನಾನು ಇವತ್ತು ಕೂತಿರೋದು ಅದಾದ ಮೇಲಿನ ವಿಷಯಕ್ಕೆ. ಈ ಲೈಬ್ರರಿನ 2007ರಲ್ಲಿ ಡೇವಿಡ್ ಕೂರ್ನಾಪೋ ಅನ್ನೋರು ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಶುರು ಮಾಡಿದ್ರು, 2010ರಲ್ಲಿ ಮೊದಲ ರಿಲೀಸ್ ಬಂತು, ಅಲ್ಲಿಂದ ಇಲ್ಲಿವರೆಗೆ ಎಷ್ಟು ಸಲೀಸಾಗಿದೆ ಅಂದ್ರೆ ಡೇಟಾ ಕೊಟ್ಟು ಕಲಿಸೋ ಫಿಟ್ ಒಂದು ಸಾಲು, ಉತ್ತರ ಹೇಳಿಸೋ ಪ್ರೆಡಿಕ್ಟ್ ಒಂದು ಸಾಲು, ಅಷ್ಟೇ. ಆ ಎರಡು ಸಾಲು ಬರೆದು ಒಬ್ಬರಿಗೆ ಸಾಲ ಇಲ್ಲ ಅಂತ ಹೇಳಿಬಿಡ್ತೀವಲ್ಲ, ಆ ನಂಬರ್ ಸರಿ ಇದೆಯಾ ಅಂತ ನೋಡಿದ್ವಾ? ನನಗೆ ಸಂಕಟ ಆಗೋದು ಇಲ್ಲೇ.

ಮನೇಲಿ ಮಾಡಿ ನೋಡೋಕೆ ಜರ್ಮನ್ ಕ್ರೆಡಿಟ್ ಅಂತ ಹಳೇ ಡೇಟಾಸೆಟ್ ಇದೆ, ಲೈಬ್ರರಿಯ ಡೇಟಾ ತರೋ ಫಂಕ್ಷನ್ ಆದ ಫೆಚ್ ಓಪನ್‌ಎಂಎಲ್‌ಗೆ ಕ್ರೆಡಿಟ್-ಜಿ ಅಂತ ಕೊಟ್ರೆ ಬರುತ್ತೆ. 1000 ಜನ, ಅದ್ರಲ್ಲಿ 700 ಗುಡ್, ಅಂದ್ರೆ ಸಾಲ ಸರಿಯಾಗಿ ಕಟ್ಟೋರು, 300 ಬ್ಯಾಡ್, ಅಂದ್ರೆ ಕಟ್ಟದೇ ಇರೋರು. ಮಾಡೆಲ್ಲೇ ಬೇಡ, ಎಲ್ರೂ ಗುಡ್ ಅಂತ ಕಣ್ಮುಚ್ಚಿ ಹೇಳಿದ್ರೂ 70 ಪರ್ಸೆಂಟ್ ಆಕ್ಯುರೆಸಿ ಬರುತ್ತೆ, ಹಾಗಾಗಿ ನನ್ನ ಮಾಡೆಲ್ 74 ಕೊಡ್ತು ಅಂತ ಯಾರಾದ್ರೂ ಖುಷಿ ಪಟ್ರೆ ಮೊದಲು ಈ 70 ನೆನಪಿಸಿ.

ಈಗ ನನ್ನದೇ ತಪ್ಪು ಹೇಳ್ತೀನಿ, ಯಾಕಂದ್ರೆ ಇದನ್ನ ಯಾವ ಟ್ಯುಟೋರಿಯಲ್ಲೂ ಒತ್ತಿ ಹೇಳಲ್ಲ. ಪ್ರೆಡಿಕ್ಟ್ ಪ್ರೋಬಾ ಅಂತ ಕರೆದ್ರೆ ಗುಡ್, ಬ್ಯಾಡ್ ಅನ್ನೋ ಒಂದೊಂದು ಕ್ಲಾಸ್‌ಗೂ ಒಂದೊಂದು ಸಂಭವ ಅಂತ ಎರಡು ಕಾಲಂ ಬರುತ್ತೆ, ಎರಡನೇದೇ ರಿಸ್ಕ್ ಅಂತ ಅಭ್ಯಾಸಬಲದಲ್ಲಿ ತಗೊಂಡಿದ್ದೆ. ಲೈಬ್ರರಿ ಕ್ಲಾಸ್ ಹೆಸರುಗಳನ್ನ ಅಕ್ಷರದ ಆರ್ಡರ್‌ನಲ್ಲಿ ಜೋಡಿಸುತ್ತೆ, ಬ್ಯಾಡ್ ಮೊದಲು, ಗುಡ್ ಆಮೇಲೆ. ಅಂದ್ರೆ ನಾನು ರಿಸ್ಕ್ ಅಂದ್ಕೊಂಡಿದ್ದು ಅವರು ಕಟ್ಟೋ ಸಂಭವ! ನಿಯತ್ತಾಗಿ ಕಟ್ಟೋರೆಲ್ಲ ನನ್ನ ಲಿಸ್ಟಲ್ಲಿ ಮೇಲೆ ಕೆಂಪು ಬಣ್ಣದಲ್ಲಿ ಕೂತಿದ್ರು. ಒಂದೇ ಒಂದು ಎರರ್ ಬರ್ಲಿಲ್ಲ. ಅವತ್ತಿಂದ ಆ ಆರ್ಡರ್ ತೋರಿಸೋ ಕ್ಲಾಸಸ್ ಅಂಡರ್‌ಸ್ಕೋರ್ ಪ್ರಿಂಟ್ ಮಾಡದೆ ನಾನು ಮುಂದಕ್ಕೆ ಹೋಗಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಬ್ಯಾಡ್ ಕಮ್ಮಿ ಇದಾರೆ ಅಂತ ಕ್ಲಾಸ್ ವೆಯ್ಟ್ ಬ್ಯಾಲೆನ್ಸ್ಡ್, ಅಂದ್ರೆ ಕಮ್ಮಿ ಇರೋ ಕ್ಲಾಸ್‌ಗೆ ಜಾಸ್ತಿ ತೂಕ ಕೊಡೋ ಸೆಟ್ಟಿಂಗ್, ಹಾಕಿಬಿಡ್ತಾರೆ, ಎಲ್ಲಾ ಕಡೆ ಇದೇ ಸಲಹೆ. ಈ ಡೇಟಾದಲ್ಲೇ ಲಾಜಿಸ್ಟಿಕ್ ರಿಗ್ರೆಶನ್ ಅನ್ನೋ ಸರಳ ಮಾಡೆಲ್ ಓಡಿಸಿ ನೋಡಿ. ವೆಯ್ಟ್ ಹಾಕದಿದ್ರೆ ಟ್ರೇನ್ ಮಾಡಿದ ಜನರ ಮೇಲೆ ಸರಾಸರಿ ರಿಸ್ಕ್ 30 ಪರ್ಸೆಂಟ್ ಸುತ್ತಾನೇ ಇರುತ್ತೆ, ಅದು ನಿಜ ಕೂಡ. ಬ್ಯಾಲೆನ್ಸ್ಡ್ ಹಾಕಿದ ತಕ್ಷಣ ಅದೇ ಸರಾಸರಿ 40 ದಾಟುತ್ತೆ. ಜನ ಅವರೇ, ಅವರ ನಡತೆ ಬದಲಾಗಿಲ್ಲ, ನಂಬರ್ ಮಾತ್ರ ಉಬ್ಬಿದೆ. ಸುಮ್ನೆ ಯಾರು ಮೇಲೆ ಯಾರು ಕೆಳಗೆ ಅಂತ ಸಾಲಾಗಿ ನಿಲ್ಲಿಸೋಕಾದ್ರೆ ಪರವಾಗಿಲ್ಲ, ಆದ್ರೆ ಆ ನಂಬರನ್ನೇ ಸಂಭವ ಅಂತ ಓದಿ ಇಷ್ಟಕ್ಕಿಂತ ಮೇಲಿದ್ರೆ ರಿಜೆಕ್ಟ್ ಅಂದ್ರೆ ಏನಾಗುತ್ತೆ ಯೋಚಿಸಿ. ಈ ಡೇಟಾ ಜೊತೆಗೇ ಒಂದು ನಷ್ಟದ ಲೆಕ್ಕ ಕೊಟ್ಟಿದ್ದಾರೆ, ಕಟ್ಟದೇ ಇರೋರಿಗೆ ಕೊಟ್ರೆ ನಷ್ಟ 5, ಕಟ್ಟೋರಿಗೆ ಇಲ್ಲ ಅಂದ್ರೆ ನಷ್ಟ 1. ಆ ಲೆಕ್ಕದ ಪ್ರಕಾರ ರಿಸ್ಕ್ ಆರರಲ್ಲಿ ಒಂದು ಭಾಗ, ಅಂದ್ರೆ 0.17 ದಾಟಿದ್ರೇನೇ ರಿಜೆಕ್ಟ್. ಉಬ್ಬಿದ ನಂಬರ್ ಮೇಲೆ ಈ ಗೆರೆ ಎಳೆದ್ರೆ ಪಾಸ್ ಆಗಬೇಕಾದ ಎಷ್ಟೋ ಜನ ಅಲ್ಲೇ ಬಿದ್ದುಹೋಗ್ತಾರೆ.

ಆ ನಷ್ಟ 1 ಇದೆಯಲ್ಲ, ಅದು ಬ್ಯಾಂಕಿನ ನಷ್ಟ. ನಮ್ಮ ರಸ್ತೆ ತಿರುವಲ್ಲಿ ಹೂ ಕಟ್ಟೋ ಅಮ್ಮ ಒಬ್ರಿದಾರೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಕೈತುಂಬ ದುಡ್ಡು ಕೊಟ್ಟು ಹೂ ಹಾಕ್ಕೋಬೇಕು, ಆಗಲೇ ಸಾಲ ಬೇಕಾಗೋದು. ಹೋದ ವರ್ಷ ಆ್ಯಪ್‌ನಲ್ಲಿ ಅರ್ಜಿ ಹಾಕಿದ್ರು, ಇಲ್ಲ ಅಂತ ಬಂತು. ನನಗೆ ಮೊಳ ಅಳೀತಾ ಅಳೀತಾ ಕೇಳಿದ್ರು, "ನಾನೇನ್ ತಪ್ಪು ಮಾಡಿದೀನಪ್ಪಾ, ಚೀಟಿ ಒಂದು ತಿಂಗಳೂ ತಪ್ಸಿಲ್ಲ." ನನ್ನ ಹತ್ರ ಉತ್ತರ ಇರ್ಲಿಲ್ಲ. ಚೀಟಿ ಯಾವ ಡೇಟಾಲೂ ಇಲ್ಲ, ಹಬ್ಬದ ತಿಂಗಳು ಜಾಸ್ತಿ ಆಷಾಢದಲ್ಲಿ ಕಮ್ಮಿ ಅನ್ನೋ ಸಂಪಾದನೆ ಮಾಡೆಲ್‌ಗೆ ಬರೀ ಏರುಪೇರಾಗಿ ಕಾಣ್ಸುತ್ತೆ. ಆ ಆ್ಯಪ್ ಒಳಗೆ ಏನು ನಡೀತು ಅಂತ ನಾನು ಹೇಳೋಕಾಗಲ್ಲ, ಆದ್ರೆ ನಾವು ಬರೆಯೋ ಮಾಡೆಲ್‌ಗಾದ್ರೂ ನಾವು ಉತ್ತರ ಕೊಡೋ ಹಾಗಿರಬೇಕಲ್ವಾ?

ಅದಕ್ಕೆ ಲೈಬ್ರರಿಲೇ ದಾರಿ ಇದೆ, ಬೇರೆ ಏನೂ ಹಾಕ್ಕೊಳ್ಳೋದು ಬೇಡ. ಟ್ರೇನಿಂಗ್‌ನಲ್ಲಿ ಮುಟ್ಟದೇ ಇರೋ ಡೇಟಾ ಮೇಲೆ ಕ್ಯಾಲಿಬ್ರೇಶನ್ ಕರ್ವ್ ಹಾಕಿ, ಮಾಡೆಲ್ ಹೇಳಿದ ಸಂಭವ ಅಡ್ಡಕ್ಕೆ, ನಿಜವಾಗಿ ಕಟ್ಟದೇ ಇದ್ದೋರ ಪಾಲು ಉದ್ದಕ್ಕೆ ಇರೋ ಗ್ರಾಫ್ ಅದು. ಮಾಡೆಲ್ 0.3 ಅಂದ 100 ಜನರಲ್ಲಿ ಸುಮಾರು 30 ಜನ ನಿಜವಾಗ್ಲೂ ಕಟ್ಟಿಲ್ಲ ಅಂದ್ರೆ ಚುಕ್ಕಿ, ಎರಡೂ ಸಮ ಅಂತ ತೋರಿಸೋ ಓರೆ ಗೆರೆ ಮೇಲೆ ಕೂರುತ್ತೆ, ಹತ್ತೇ ಜನ ಅಂದ್ರೆ ಗೆರೆಯಿಂದ ಕೆಳಗೆ ಜೋತುಬೀಳುತ್ತೆ, ಕಣ್ಣಿಗೇ ಕಾಣ್ಸುತ್ತೆ. ಜೋತುಬಿದ್ರೆ ಮೊದಲು ಬ್ಯಾಲೆನ್ಸ್ಡ್ ತೆಗೀರಿ, ಆಗಲೂ ಸರಿ ಹೋಗದಿದ್ರೆ ಕ್ಯಾಲಿಬ್ರೇಟೆಡ್ ಕ್ಲಾಸಿಫೈಯರ್ ಸಿವಿ ಅಂತಿದೆ, ನಂಬರನ್ನ ನಿಜಕ್ಕೆ ಹತ್ರ ತರೋಕೆ ಮಾಡೆಲ್‌ನ ಅದರಲ್ಲಿ ಸುತ್ತಿ. ನಂಬರ್ ಸರಿ ಹೋದ್ಮೇಲೆ ರಿಜೆಕ್ಟ್ ಗೆರೆ ಎಲ್ಲಿ ಅನ್ನೋದು ಉಳಿಯುತ್ತೆ, ಪ್ರೆಡಿಕ್ಟ್ ಸುಮ್ನೆ 0.5ಕ್ಕೆ ಕತ್ತರಿಸುತ್ತೆ, ಆ 0.5 ನೀವೂ ಹೇಳಿದ್ದಲ್ಲ, ನಿಮ್ಮ ಮ್ಯಾನೇಜರೂ ಹೇಳಿದ್ದಲ್ಲ. 2024ರ 1.5 ವರ್ಷನ್‌ನಿಂದ ಗೆರೆ ನಾವೇ ಹಾಕೋಕೆ ಫಿಕ್ಸೆಡ್ ಥ್ರೆಶೋಲ್ಡ್ ಕ್ಲಾಸಿಫೈಯರ್ ಅಂತ ಕೊಟ್ಟಿದ್ದಾರೆ, ಬಳಸಿ, ಯಾಕೆ ಅಲ್ಲೇ ಹಾಕಿದ್ರಿ ಅಂತ ಕೋಡ್ ಪಕ್ಕದಲ್ಲೇ ಒಂದು ಸಾಲು ಬರೆದಿಡಿ.

ಆ ಹುಡುಗಂಗೂ ರಾತ್ರಿ ಒಂದು ಗಂಟೆವರೆಗೆ ಇದನ್ನೇ ಹೇಳ್ಕೊಟ್ಟೆ. ಬೆಳಿಗ್ಗೆ ಮೆಟ್ರೋದಿಂದ ಅವನ ಗ್ರಾಫ್ ಕಳ್ಸಿದ್ದ, ಚುಕ್ಕಿಗಳು ಗೆರೆಗೆ ಹತ್ರಾನೇ ಇದ್ವು, ಮೇಲಿನ ಎರಡು ಮಾತ್ರ ದೂರ. ಆ ಎರಡು ಯಾಕೆ ದೂರ ಅಂತ ಕೇಳಿದ್ರೆ ಏನ್ ಹೇಳ್ಲಿ ಅಣ್ಣ ಅಂದ. ಅಷ್ಟು ಜಾಸ್ತಿ ರಿಸ್ಕ್ ಇರೋರು ಡೇಟಾದಲ್ಲಿ ಎಷ್ಟು ಜನ ಇದಾರೆ, ಮೊದಲು ಅದನ್ನ ಎಣಿಸಪ್ಪಾ ಅಂದೆ.